ಹಳದೀಪುರದ ಅರುಣಾ ಶಾನಭಾಗ: ಮಾತಿಲ್ಲದೆ ಮಲಗಿದಲ್ಲಿಂದಲೇ ಕಾನೂನಿಗೆ ದಾರಿ ತೋರಿದ ದಾದಿ

ಪರೇಲ್‌ನ ಕೆಇಎಂ ಆಸ್ಪತ್ರೆಯ ಹೆಸರು ಕೇಳದ ಮುಂಬಯಿ ಕನ್ನಡಿಗರು ವಿರಳ. ಮಹಾನಗರ ಪಾಲಿಕೆಯ ಈ ಆಸ್ಪತ್ರೆ ನಗರದ ಲಕ್ಷಾಂತರ ಬಡವರ, ಮಧ್ಯಮ ವರ್ಗದವರ ಆಸರೆ. ಇದೇ ಆಸ್ಪತ್ರೆಗೆ ದಾದಿಯಾಗಿ ಸೇರಿ, ಇಲ್ಲಿಯೇ ದೌರ್ಜನ್ಯಕ್ಕೆ ತುತ್ತಾಗಿ, ಇಲ್ಲಿಯೇ ರೋಗಿಯಾಗಿ 41 ವರ್ಷಗಳಿಗೂ ಹೆಚ್ಚು ಕಾಲ ಮಲಗಿದ್ದು, ಇಲ್ಲಿಯೇ ಕೊನೆಯುಸಿರೆಳೆದವರು ಉತ್ತರ ಕನ್ನಡ ಜಿಲ್ಲೆಯ ಅರುಣಾ ರಾಮಚಂದ್ರ ಶಾನಭಾಗ ಅವರು. ಅವರು ತೀರಿಕೊಂಡು ಒಂದು ದಶಕ ಕಳೆದಿದೆ. ಆದರೂ ದೇಶದ ಯಾವುದೇ ಆಸ್ಪತ್ರೆಯಲ್ಲಿ, ಗುಣವಾಗುವ ಆಸೆಯಿಲ್ಲದ ರೋಗಿಯ ಚಿಕಿತ್ಸೆಯನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಅವರ ಹೆಸರು ಮುಂದೆ ಬರುತ್ತದೆ.

ಊರಿನಿಂದ ಮುಂಬಯಿಗೆ

ಅರುಣಾ ಅವರು ಜನಿಸಿದ್ದು 1948ರ ಜೂನ್ 1ರಂದು, ಹೊನ್ನಾವರ ತಾಲೂಕಿನ ಹಳದೀಪುರದಲ್ಲಿ. ಮನೆಮಾತು ಕೊಂಕಣಿ. ಶಾನಭಾಗ ಎಂಬ ಮನೆತನದ ಹೆಸರು ಹಿಂದೆ ಹಳ್ಳಿಯ ಲೆಕ್ಕಪತ್ರ ಬರೆಯುತ್ತಿದ್ದವರ ಹುದ್ದೆಯಿಂದ ಬಂದದ್ದು. ಅಂದಿನ ದಿನಗಳಲ್ಲಿ ಕರಾವಳಿಯ ತರುಣರು ಹೊಟ್ಟೆಪಾಡಿಗಾಗಿ ಮುಂಬಯಿ ಸೇರುವುದು ಸಾಮಾನ್ಯವಾಗಿತ್ತು. ಹುಡುಗಿಯೊಬ್ಬಳು ಶಿಕ್ಷಣ, ಉದ್ಯೋಗವೆಂದು ಮನೆಯಿಂದ ಹೊರಡುವುದು ಮಾತ್ರ ಅಷ್ಟು ಸುಲಭದ ಮಾತಾಗಿರಲಿಲ್ಲ. ಕೊಂಕಣ ರೈಲ್ವೆ ಪೂರ್ಣಗೊಂಡದ್ದು 1998ರಲ್ಲಿ. ಅದಕ್ಕೂ ಮೂರು ದಶಕಗಳ ಹಿಂದೆ ಹಳದೀಪುರದಿಂದ ಮುಂಬಯಿ ನಿಜಕ್ಕೂ ಬಹಳ ದೂರದ ಊರು.

ಆ ದೂರವನ್ನು ದಾಟಿ ಬಂದ ಅರುಣಾ ದಾದಿಯರ ತರಬೇತಿ ಪಡೆದು ಕೆಇಎಂ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. 1973ರಲ್ಲಿ ಅವರಿಗೆ 25ರ ಹರೆಯ. ಅದೇ ಆಸ್ಪತ್ರೆಯ ತರುಣ ವೈದ್ಯರೊಬ್ಬರೊಂದಿಗೆ ಮದುವೆ ನಿಶ್ಚಯವಾಗಿತ್ತು. ಆಸ್ಪತ್ರೆಯಲ್ಲಿ ನಾಯಿಗಳ ಮೇಲೆ ಶಸ್ತ್ರಕ್ರಿಯೆಯ ಪ್ರಯೋಗ ನಡೆಸುವ ಒಂದು ವಿಭಾಗವಿತ್ತು. ಅರುಣಾ ಅವರ ಕೆಲಸ ಆಗ ಅಲ್ಲಿ. ಆ ನಾಯಿಗಳಿಗೆಂದು ಬರುವ ಆಹಾರ ಕಳವಾಗುತ್ತಿರುವುದನ್ನು ಅವರು ಕಂಡು, ಅಲ್ಲಿನ ಗುಡಿಸುವ ಕೆಲಸಗಾರನೊಬ್ಬನನ್ನು ಗದರಿಸಿದ್ದರೆಂದು ಮುಂದೆ ಅವರ ಬಗ್ಗೆ ಬರೆದವರು ದಾಖಲಿಸಿದ್ದಾರೆ.

1973ರ ನವೆಂಬರ್ 27

ಅಂದು ಸಂಜೆ ಕೆಲಸ ಮುಗಿಸಿದ ಅರುಣಾ ಅವರ ಮೇಲೆ ಆ ಕೆಲಸಗಾರ ಎರಗಿದ. ನಾಯಿ ಕಟ್ಟುವ ಸರಪಳಿಯನ್ನು ಕುತ್ತಿಗೆಗೆ ಸುತ್ತಿ ಹಿಂದಕ್ಕೆ ಜಗ್ಗಿದ, ಲೈಂಗಿಕ ದೌರ್ಜನ್ಯ ಎಸಗಿದ. ಮಾರನೆಯ ಬೆಳಿಗ್ಗೆ 7.45ರ ಹೊತ್ತಿಗೆ ಸಫಾಯಿ ಕೆಲಸದವರೊಬ್ಬರು ನೋಡಿದಾಗ ಅವರು ನೆಲದ ಮೇಲೆ ರಕ್ತದ ನಡುವೆ ಪ್ರಜ್ಞೆಯಿಲ್ಲದೆ ಬಿದ್ದಿದ್ದರು. ನೂರಾರು ವೈದ್ಯರು, ದಾದಿಯರಿದ್ದ ಆಸ್ಪತ್ರೆಯ ಆವರಣದಲ್ಲೇ ಒಬ್ಬ ದಾದಿ ಇಡೀ ರಾತ್ರಿ ಯಾರ ಗಮನಕ್ಕೂ ಬಾರದೆ ಬಿದ್ದಿದ್ದರು ಎಂಬುದು ಇಂದಿಗೂ ಮನ ಕಲಕುವ ಸಂಗತಿ.

ಸರಪಳಿಯ ಬಿಗಿತಕ್ಕೆ ಮೆದುಳಿಗೆ ಆಮ್ಲಜನಕ ನಿಂತುಹೋಗಿತ್ತು. ಯೋಚನೆ, ಮಾತು, ನೋಟಗಳಿಗೆ ಆಧಾರವಾದ ಮೆದುಳಿನ ಹೊರಪದರಕ್ಕೆ ಹಾನಿಯಾಗಿತ್ತು. ಮೆದುಳಿನ ಬುಡಕ್ಕೂ ಕುತ್ತಿಗೆಯ ನರಹುರಿಗೂ ಪೆಟ್ಟು ಬಿದ್ದಿತ್ತು. ಜೀವ ಉಳಿಯಿತು. ಉಸಿರಾಟ ತನ್ನಿಂತಾನೇ ನಡೆಯುತ್ತಿತ್ತು. ಆದರೆ ಮಾತು ಹೋಯಿತು, ದೃಷ್ಟಿ ಹೋಯಿತು, ಎದ್ದು ನಡೆಯುವ ಶಕ್ತಿ ಹೋಯಿತು.

ಮುಂಬಯಿಯ ದಾದಿಯರು ಮುಷ್ಕರ ಹೂಡಿದರು. ಅರುಣಾ ಅವರಿಗೆ ಸರಿಯಾದ ಆರೈಕೆ ಸಿಗಬೇಕು, ಕೆಲಸ ಮಾಡುವ ದಾದಿಯರಿಗೆ ರಕ್ಷಣೆ ಸಿಗಬೇಕು ಎಂಬುದು ಅವರ ಬೇಡಿಕೆಯಾಗಿತ್ತು. ಅಪರಾಧಿ ಸಿಕ್ಕಿಬಿದ್ದ. ಆದರೆ ಅವನ ಮೇಲೆ ಹೊರಿಸಿದ್ದು ಸುಲಿಗೆ ಮತ್ತು ಕೊಲೆ ಯತ್ನದ ಆರೋಪ ಮಾತ್ರ. ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಲೇ ಇಲ್ಲ. ಮದುವೆಯಾಗಬೇಕಾದ ಹುಡುಗಿಯ ಮಾನದ ಪ್ರಶ್ನೆ ಎಂದು ಆ ವಿಷಯವನ್ನು ಮುಚ್ಚಿಡಲಾಯಿತು ಎನ್ನಲಾಗಿದೆ. ಎರಡು ಆರೋಪಗಳಿಗೂ ಏಕಕಾಲದಲ್ಲಿ ನಡೆಯುವಂತೆ ತಲಾ ಏಳು ವರ್ಷಗಳ ಶಿಕ್ಷೆಯಾಯಿತು. ಅವನ ಶಿಕ್ಷೆಗೆ ಒಂದು ಕೊನೆಯ ದಿನವಿತ್ತು. ಅರುಣಾ ಅವರ ಪಾಲಿಗೆ ಅಂಥ ದಿನ ಬರಲಿಲ್ಲ.

4ನೇ ವಾರ್ಡಿನ ಕೋಣೆ

ಕೆಇಎಂ ಆಸ್ಪತ್ರೆಯ 4ನೇ ವಾರ್ಡಿಗೆ ಹೊಂದಿಕೊಂಡ ಒಂದು ಪುಟ್ಟ ಕೋಣೆ ಅರುಣಾ ಅವರ ಮನೆಯಾಯಿತು. ವರ್ಷಗಳು ಉರುಳಿದವು. ತಂದೆ ತಾಯಿ ತೀರಿಕೊಂಡರು. ಬಂಧುಗಳ ಸಂಪರ್ಕ ತೀರಾ ಕಡಿಮೆಯಾಯಿತು. ನಿಶ್ಚಯವಾಗಿದ್ದ ಮದುವೆ ನಡೆಯಲಿಲ್ಲ. ಆಗ ಅವರಿಗೆ ಬಂಧುಗಳಾಗಿ ನಿಂತವರು ಅದೇ ಆಸ್ಪತ್ರೆಯ ದಾದಿಯರು.

ಅವರನ್ನು ನೋಡಿಕೊಂಡ ಒಂದು ತಲೆಮಾರಿನ ದಾದಿಯರು ನಿವೃತ್ತರಾದರು, ಇನ್ನೊಂದು ತಲೆಮಾರು ಬಂತು. ಘಟನೆ ನಡೆದಾಗ ಹುಟ್ಟಿಯೇ ಇರದಿದ್ದವರು ಮುಂದೆ ಅವರ ಬಾಯಿಗೆ ತುತ್ತು ಇಟ್ಟರು. ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ಮಗ್ಗುಲು ತಿರುಗಿಸುವುದು, ನುಣ್ಣಗೆ ಅರೆದ ಆಹಾರವನ್ನು ಚಮಚದಲ್ಲಿ ಉಣಿಸುವುದು ದಿನನಿತ್ಯ ನಡೆದುಕೊಂಡು ಬಂತು. ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಇದರ ಕಷ್ಟ ಗೊತ್ತು. ಕೆಲವೇ ವಾರಗಳಲ್ಲಿ ಬೆನ್ನಿನಲ್ಲಿ ಹುಣ್ಣು ಏಳುತ್ತದೆ. ಅರುಣಾ ಅವರಿಗೆ ಮೂರೂವರೆ ದಶಕ ಕಳೆದರೂ ಒಂದೇ ಒಂದು ಹಾಸಿಗೆ ಹುಣ್ಣು ಆಗಿರಲಿಲ್ಲ ಎಂದು ಆಸ್ಪತ್ರೆಯ ಡೀನ್ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿದ್ದರು. ಪ್ರತಿವರ್ಷ ಜೂನ್ 1ರಂದು ದಾದಿಯರು ಅವರ ಹುಟ್ಟುಹಬ್ಬ ಆಚರಿಸುತ್ತಿದ್ದರು.

1980ರ ದಶಕದಲ್ಲಿ ಹಾಸಿಗೆಯೊಂದನ್ನು ತೆರವುಗೊಳಿಸಲು ಅವರನ್ನು ಬೇರೆಡೆಗೆ ಸಾಗಿಸುವ ಯತ್ನ ಪಾಲಿಕೆಯಿಂದ ನಡೆಯಿತು. ದಾದಿಯರು ಪ್ರತಿಭಟನೆಗೆ ಇಳಿದರು. ಪಾಲಿಕೆ ತನ್ನ ನಿರ್ಧಾರವನ್ನು ಕೈಬಿಟ್ಟಿತು. 1998ರಲ್ಲಿ ಪತ್ರಕರ್ತೆ ಪಿಂಕಿ ವಿರಾನಿ ಅವರು ಅರುಣಾ ಅವರ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಮರಾಠಿಯಲ್ಲಿ ನಾಟಕವೂ ಬಂತು. ಕೋಣೆಯ ಬಾಗಿಲಾಚೆ ಅವರ ಹೆಸರು ಹರಡತೊಡಗಿತು. ಒಳಗೆ ಮಲಗಿದ್ದವರಿಗೆ ಅದರ ಅರಿವು ಇರಲಿಲ್ಲ.

ದಿಲ್ಲಿಗೆ ಹೋದ ಅರ್ಜಿ

2009ರಲ್ಲಿ ಪಿಂಕಿ ವಿರಾನಿ ಅವರು ಅರುಣಾ ಅವರ ಆಪ್ತಮಿತ್ರೆಯ ನೆಲೆಯಲ್ಲಿ ಸಂವಿಧಾನದ 32ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅರುಣಾ ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಿ, ಶಾಂತಿಯಿಂದ ಸಾಯಲು ಬಿಡಬೇಕೆಂಬುದು ಅರ್ಜಿಯ ಕೋರಿಕೆ. 36 ವರ್ಷಗಳಿಂದ ಹೀಗೆ ಮಲಗಿರುವುದನ್ನು ಬದುಕು ಎನ್ನಲಾಗದು, ಇದನ್ನು ಎಳೆಯುವುದು ಅವರ ಘನತೆಗೆ ಕುಂದು ಎಂಬುದು ಅರ್ಜಿದಾರರ ವಾದದ ತಿರುಳು.

ಆಸ್ಪತ್ರೆ ಮತ್ತು ಪಾಲಿಕೆ ಇದನ್ನು ಒಪ್ಪಲಿಲ್ಲ. ಅರುಣಾ ಆಹಾರ ಸ್ವೀಕರಿಸುತ್ತಾರೆ, ಮುಖಭಾವದಿಂದ ಪ್ರತಿಕ್ರಿಯೆ ತೋರುತ್ತಾರೆ ಎಂದು ಅವು ವಾದಿಸಿದವು. ಅವರಿಗೆ ಕೃತಕ ಉಸಿರಾಟದ ಯಂತ್ರ ಇರಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ಮಲೇರಿಯಾ ಜ್ವರ ಬಂದು ಊಟ ಸೇರದಾಗುವ ತನಕ ಬಾಯಿಯ ಮೂಲಕವೇ ಉಣ್ಣುತ್ತಿದ್ದರು. ಆ ಬಳಿಕವೇ ಮೂಗಿನ ನಳಿಕೆ ಬಂದದ್ದು. ಹೀಗಾಗಿ ಅರ್ಜಿದಾರರ ದೃಷ್ಟಿಯಲ್ಲಿ ಅದು ನರಳಾಟದಿಂದ ಬಿಡುಗಡೆ. ದಾದಿಯರ ದೃಷ್ಟಿಯಲ್ಲಿ, ಇಷ್ಟು ವರ್ಷ ತಾವೇ ಉಣಿಸಿದವರನ್ನು ಹಸಿವಿನಿಂದ ಕೊಲ್ಲುವುದು. ಎರಡೂ ಕಡೆ ಇದ್ದದ್ದು ಕರುಣೆಯೇ.

ಎರಡೂ ಕಡೆಯ ಹೇಳಿಕೆಗಳಲ್ಲಿ ವ್ಯತ್ಯಾಸ ಕಂಡ ನ್ಯಾಯಾಲಯ 2011ರ ಜನವರಿ 24ರಂದು ಮುಂಬಯಿಯ ಮೂವರು ತಜ್ಞವೈದ್ಯರ ಸಮಿತಿ ನೇಮಿಸಿತು. ಅವರು ಅರುಣಾ ಅವರನ್ನು ಪರೀಕ್ಷಿಸಿದರು. ಅವರ ಸ್ಥಿತಿಯ ವಿಡಿಯೋವನ್ನು ನ್ಯಾಯಾಲಯದಲ್ಲೇ ತೆರೆಯ ಮೇಲೆ ತೋರಿಸಲಾಯಿತು. ಮೆದುಳು ಸತ್ತಿಲ್ಲ, ಆದರೆ ಎಚ್ಚರವಿದ್ದಂತೆ ಕಂಡರೂ ಅರಿವಿಲ್ಲದ, ಸುಧಾರಿಸುವ ಭರವಸೆಯಿಲ್ಲದ ಸ್ಥಿತಿಯ ಬಹುತೇಕ ಲಕ್ಷಣಗಳು ಇವೆ ಎಂದು ಸಮಿತಿ ವರದಿ ನೀಡಿತು. ವೈದ್ಯರು ಇದನ್ನು ಪರ್ಮನೆಂಟ್ ವೆಜಿಟೇಟಿವ್ ಸ್ಟೇಟ್ ಎನ್ನುತ್ತಾರೆ. ಆಸ್ಪತ್ರೆಯ ಸಿಬ್ಬಂದಿ ಮಾತ್ರ ಅವರನ್ನು ಕೊನೆತನಕ ನೋಡಿಕೊಳ್ಳುವೆವು ಎಂದು ಪಟ್ಟು ಹಿಡಿದರು. ಸಂಬಳವನ್ನೂ ಪ್ರಯಾಣದ ಖರ್ಚನ್ನೂ ಪಡೆಯದೆ ಸೇವೆ ಮುಂದುವರಿಸಲು ದಾದಿಯೊಬ್ಬರು ಮುಂದೆ ಬಂದದ್ದು ತೀರ್ಪಿನಲ್ಲೇ ದಾಖಲಾಗಿದೆ.

2011ರ ಮಾರ್ಚ್ 7ರ ತೀರ್ಪು

ಪ್ರಜ್ಞೆಯಲ್ಲಿರುವ ರೋಗಿಯ ವಿಷಯ ಅಷ್ಟು ಜಟಿಲವಲ್ಲ. ತನಗೆ ಶಸ್ತ್ರಕ್ರಿಯೆ ಬೇಡ, ಯಂತ್ರ ಬೇಡ ಎಂದು ಆತ ಹೇಳಿದರೆ ವೈದ್ಯರು ಬಲವಂತ ಮಾಡುವಂತಿಲ್ಲ. ಹಾಗೆ ಹೇಳಲು ಬಾಯಿಯೇ ಇಲ್ಲದವರ ಪರವಾಗಿ ಹೇಳುವವರು ಯಾರು ಎಂಬುದೇ ಕಠಿಣ ಪ್ರಶ್ನೆ. ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠದ ಮುಂದಿದ್ದದ್ದು ಇದೇ. ಭಾರತದಲ್ಲಿ ಈ ಬಗ್ಗೆ ಯಾವ ಶಾಸನವೂ ಇರಲಿಲ್ಲ. ಪೀಠವು ಇಂಗ್ಲೆಂಡಿನ ಆಂಟನಿ ಬ್ಲಾಂಡ್ ಪ್ರಕರಣವನ್ನು ಮುಖ್ಯವಾಗಿ ಅವಲಂಬಿಸಿತು. 1989ರಲ್ಲಿ ಫುಟ್ಬಾಲ್ ಮೈದಾನದ ನೂಕುನುಗ್ಗಲಿಗೆ ಸಿಲುಕಿ ಪ್ರಜ್ಞೆ ಕಳೆದುಕೊಂಡಿದ್ದ ಆ ತರುಣನಿಗೆ ನಳಿಕೆಯ ಮೂಲಕ ನೀಡುತ್ತಿದ್ದ ಆಹಾರವನ್ನು ನಿಲ್ಲಿಸಲು 1993ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಒಪ್ಪಿತ್ತು.

ತೀರ್ಪು ಎರಡು ಮಾತು ಹೇಳಿತು. ಮೊದಲನೆಯದು ಎಲ್ಲರಿಗೂ ಅನ್ವಯಿಸುವಂಥದ್ದು. ಚುಚ್ಚುಮದ್ದು ಕೊಟ್ಟು ಸಾಯಿಸುವ ಸಕ್ರಿಯ ದಯಾಮರಣ ಅಪರಾಧವೇ ಸರಿ. ಆದರೆ ಜೀವ ಹಿಡಿದಿಟ್ಟಿರುವ ಚಿಕಿತ್ಸೆಯನ್ನು ಹಿಂತೆಗೆದುಕೊಂಡು ಸಹಜ ಸಾವಿಗೆ ಬಿಡುವ ನಿಷ್ಕ್ರಿಯ ದಯಾಮರಣಕ್ಕೆ ಹೈಕೋರ್ಟಿನ ಒಪ್ಪಿಗೆಯೊಂದಿಗೆ ಅವಕಾಶವಿದೆ. ಹೈಕೋರ್ಟಿನ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಪೀಠ, ಮೂವರು ವೈದ್ಯರ ಅಭಿಪ್ರಾಯ ಪಡೆದು ನಿರ್ಧರಿಸಬೇಕು. ಆಸ್ತಿಯ ಆಸೆಗೆ ಬಂಧುಗಳೇ ಅಡ್ಡದಾರಿ ಹಿಡಿಯಬಹುದೆಂಬ ಭಯವೂ ಈ ಎಚ್ಚರಿಕೆಯ ಹಿಂದಿತ್ತು.

ಎರಡನೆಯದು ಅರುಣಾ ಅವರಿಗೆ ಸಂಬಂಧಿಸಿದ್ದು. ಅವರ ಪರವಾಗಿ ತೀರ್ಮಾನಿಸುವ ಆಪ್ತಮಿತ್ರರು ಪುಸ್ತಕ ಬರೆದ ಪಿಂಕಿ ವಿರಾನಿ ಅಲ್ಲ, ಹಗಲಿರುಳು ಸೇವೆ ಮಾಡಿದ ಕೆಇಎಂ ಸಿಬ್ಬಂದಿ ಎಂದು ಪೀಠ ಹೇಳಿತು. ಸಿಬ್ಬಂದಿಗೆ ಅವರು ಬದುಕಬೇಕೆಂಬ ಇಚ್ಛೆ ಇದ್ದುದರಿಂದ ಅರ್ಜಿ ವಜಾ ಆಯಿತು. ಮುಂದೆ ಎಂದಾದರೂ ಸಿಬ್ಬಂದಿಯ ಮನಸ್ಸು ಬದಲಾದರೆ ಬೊಂಬಾಯಿ ಹೈಕೋರ್ಟಿಗೆ ಅರ್ಜಿ ಹಾಕಬಹುದೆಂಬ ಬಾಗಿಲನ್ನೂ ತೆರೆದಿಟ್ಟಿತು. ವಿರಾನಿ ಅವರ ಕಳಕಳಿಯನ್ನೂ ಪೀಠ ಮೆಚ್ಚಿಕೊಂಡಿತು. ಕೆಇಎಂ ಆಸ್ಪತ್ರೆಯಲ್ಲಿ ಅಂದು ಕೇಕ್ ಕತ್ತರಿಸಿ, ಸಿಹಿ ಹಂಚಲಾಯಿತು.

ಹೀಗೆ ಅರುಣಾ ಅವರ ಹೆಸರಿನ ಪ್ರಕರಣ ಇತರರಿಗೆ ದಾರಿ ತೆರೆಯಿತು. ಆ ದಾರಿಯಲ್ಲಿ ಅವರು ಮಾತ್ರ ನಡೆಯಲಿಲ್ಲ. ಬದುಕಿಸಿ ಎಂದವರಿಗೂ ಬಿಡುಗಡೆ ಕೊಡಿ ಎಂದವರಿಗೂ ಅವರ ಸ್ವಂತ ಇಚ್ಛೆ ಏನಿತ್ತೆಂದು ತೋರಿಸುವ ಒಂದು ಚೀಟಿಯೂ ಇರಲಿಲ್ಲ. 25ರ ಹರೆಯದಲ್ಲಿ ಮದುವೆಯ ಕನಸು ಕಾಣುತ್ತಿದ್ದ ಹುಡುಗಿ ಅಂಥದ್ದನ್ನು ಬರೆದಿಡುವುದಾದರೂ ಹೇಗೆ?

ಕೊನೆಯ ದಿನಗಳು

ತೀರ್ಪಿನ ನಂತರ ಅರುಣಾ ಅವರು ಇನ್ನೂ ನಾಲ್ಕು ವರ್ಷ ಬದುಕಿದ್ದರು. 2015ರ ಮೇ ತಿಂಗಳಲ್ಲಿ ನ್ಯುಮೋನಿಯಾ ತಗಲಿತು. ತೀವ್ರ ನಿಗಾ ಘಟಕಕ್ಕೆ ಸೇರಿಸಿ ಕೃತಕ ಉಸಿರಾಟದ ಯಂತ್ರ ಅಳವಡಿಸಲಾಯಿತು. ಮೇ 18ರ ಬೆಳಿಗ್ಗೆ ಅವರು ಇಹಲೋಕ ತ್ಯಜಿಸಿದರು. 67ನೇ ಹುಟ್ಟುಹಬ್ಬಕ್ಕೆ ಎರಡು ವಾರ ಉಳಿದಿತ್ತು. ಅವರನ್ನು ಮನೆಮಗಳಂತೆ ನೋಡಿಕೊಂಡಿದ್ದ ದಾದಿಯರು ಕಣ್ಣೀರಿನಿಂದ ಬೀಳ್ಕೊಟ್ಟರು. ದಾದಿಯರ ಸೇವೆಗೆ ಸಮನಾದ ಉದಾಹರಣೆ ವೈದ್ಯಕೀಯ ಲೋಕದಲ್ಲಿ ಸಿಗುವುದು ಕಷ್ಟ. ಅವರು ಅರುಣಾ ಅವರ ಸಾವನ್ನು ಬಯಸದೇ ಹೋದದ್ದು ತಪ್ಪೆಂದು ಹೇಳುವ ಧೈರ್ಯ ಯಾರಿಗೂ ಬಾರದು.

ಆದರೆ ಅದೇ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಪಾಲಿಕೆಯ ಆಸ್ಪತ್ರೆಯಲ್ಲಿ ಒಂದು ಕೋಣೆ, ಸಹೋದ್ಯೋಗಿಗಳ ಪಡೆ, ಖರ್ಚಿನ ಚಿಂತೆಯಿಲ್ಲದ ಆರೈಕೆ ಅವರಿಗೆ ದೊರೆತದ್ದು ಅಪೂರ್ವ. ಸಾಮಾನ್ಯ ಕುಟುಂಬವೊಂದರಲ್ಲಿ ಯಜಮಾನ ಪ್ರಜ್ಞೆ ತಪ್ಪಿ ವೆಂಟಿಲೇಟರ್ ಮೇಲಿದ್ದರೆ, ದಿನದಿನಕ್ಕೆ ಏರುವ ಬಿಲ್ಲು ಒಂದು ಕಡೆ, ಯಂತ್ರ ತೆಗೆಯಿರಿ ಎನ್ನಲು ಬಾರದ ನಾಲಿಗೆ ಇನ್ನೊಂದು ಕಡೆ. ಮಗನ ಮಾತು ಒಂದಾದರೆ ಮಗಳ ಮಾತು ಬೇರೆ. ಊರಿನಿಂದ ಬಂದ ದೊಡ್ಡಪ್ಪನ ಅಭಿಪ್ರಾಯ ಮೂರನೆಯದು. ಹೇಳಬೇಕಾದವರು ಮಾತ್ರ ಕಣ್ಣು ಮುಚ್ಚಿ ಮಲಗಿರುತ್ತಾರೆ.

ತೀರ್ಪಿನ ಮುಂದುವರಿಕೆ

ಅರುಣಾ ಪ್ರಕರಣ ಅಲ್ಲಿಗೇ ಮುಗಿಯಲಿಲ್ಲ. ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲೇ ಸಲ್ಲಿಸಿದ್ದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2018ರ ಮಾರ್ಚ್ 9ರಂದು ತೀರ್ಪು ನೀಡಿತು. 2011ರ ತೀರ್ಪು ಹಿಂದಿನ ತೀರ್ಪೊಂದನ್ನು ಅರ್ಥೈಸಿದ ರೀತಿ ಸರಿಯಲ್ಲ ಎಂದು ಈ ಪೀಠ ಹೇಳಿತಾದರೂ, ನಿಷ್ಕ್ರಿಯ ದಯಾಮರಣವನ್ನು ಎತ್ತಿಹಿಡಿಯಿತು. ಘನತೆಯಿಂದ ಸಾಯುವ ಹಕ್ಕು 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸಾರಿತು. ಮುಖ್ಯವಾಗಿ, ಆರೋಗ್ಯವಾಗಿರುವಾಗಲೇ ತನ್ನ ಇಚ್ಛೆಯನ್ನು ಬರೆದಿಡುವ ಲಿವಿಂಗ್ ವಿಲ್‌ಗೆ ಮಾನ್ಯತೆ ಸಿಕ್ಕಿತು. ಆಸ್ತಿಯ ಉಯಿಲು ಸತ್ತ ಮೇಲೆ ಮಾತಾಡುತ್ತದೆ. ಈ ಉಯಿಲು ಜೀವವಿದ್ದು ಮಾತು ಹೋದಾಗ ಮಾತಾಡುತ್ತದೆ.

ಆರಂಭದ ವಿಧಾನ ಬಲು ತೊಡಕಿನದ್ದು. ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. 2023ರ ಜನವರಿ 24ರಂದು ನ್ಯಾಯಾಲಯ ಅದನ್ನು ಸರಳಗೊಳಿಸಿತು. 18 ವರ್ಷ ತುಂಬಿದ, ಸ್ವಸ್ಥ ಮನಸ್ಸಿನ ಯಾರೇ ಆಗಲಿ ಸ್ವಇಚ್ಛೆಯಿಂದ ಲಿಖಿತವಾಗಿ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನ್ನ ಪರವಾಗಿ ತೀರ್ಮಾನ ತಿಳಿಸುವ ಹತ್ತಿರದವರ ಹೆಸರುಗಳನ್ನು ಅದರಲ್ಲಿ ನಮೂದಿಸಬೇಕು. ಅವರಿಗೂ, ಕುಟುಂಬದ ವೈದ್ಯರಿದ್ದರೆ ಅವರಿಗೂ, ಪಾಲಿಕೆ ಅಥವಾ ಪಂಚಾಯತಿಯ ಸಂಬಂಧಪಟ್ಟ ಅಧಿಕಾರಿಗೂ ಪ್ರತಿ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದುಪಡಿಸಬಹುದು.

ಕಾಗದ ಇದ್ದ ಮಾತ್ರಕ್ಕೆ ಯಾರೂ ಯಂತ್ರ ತೆಗೆಯುವುದಿಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರ ಮಂಡಳಿ ಮೊದಲು ಪರಿಶೀಲಿಸುತ್ತದೆ. ಜಿಲ್ಲಾ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೇ ಮಂಡಳಿ ಮತ್ತೆ ನೋಡುತ್ತದೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಗಳೊಳಗೆ ಅಭಿಪ್ರಾಯ ನೀಡಬೇಕು. ಒಪ್ಪಿಗೆಯಾದರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯಬೇಕು. ಬರೆದಿಟ್ಟ ಕಾಗದವಿಲ್ಲದ ರೋಗಿಗೂ ಮನೆಯವರ ಒಪ್ಪಿಗೆಯೊಂದಿಗೆ ಇದೇ ದಾರಿ ಇದೆ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಅರುಣಾ ಅವರ ಹುಟ್ಟೂರಿರುವ ಕರ್ನಾಟಕದ ಸರಕಾರವು ಈ ವ್ಯವಸ್ಥೆಯನ್ನು ಜಾರಿಗೆ ತರಲು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಒಂದು ಹಾಳೆಯ ಬೆಲೆ

ಬ್ಯಾಂಕಿನ ಖಾತೆಗೆ, ಠೇವಣಿಗೆ, ವಿಮೆಯ ಪಾಲಿಸಿಗೆ ನಾಮಿನಿಯ ಹೆಸರು ಬರೆಸುವುದನ್ನು ಯಾರೂ ಅಪಶಕುನ ಎಂದು ಭಾವಿಸುವುದಿಲ್ಲ. ನಾಮಿನಿ ಇಲ್ಲದ ಖಾತೆಯ ಹಣಕ್ಕಾಗಿ ಮನೆಯವರು ಕೌಂಟರಿನಿಂದ ಕೌಂಟರಿಗೆ ಅಲೆಯುವುದು ಎಲ್ಲರೂ ಕಂಡದ್ದೇ. ದುಡ್ಡಿಗೆ ಇರುವ ಈ ಮುಂಜಾಗ್ರತೆ ದೇಹಕ್ಕೂ ಬೇಕಲ್ಲವೇ? ಯಂತ್ರ ಬೇಡ ಎಂದೇ ಬರೆಯಬೇಕೆಂದಿಲ್ಲ. ತನ್ನ ಮನಸ್ಸಿನಲ್ಲಿ ಇರುವುದು ಏನೆಂದು ಮನೆಮಂದಿಗೆ ತಿಳಿದರೆ ಅರ್ಧ ಭಾರ ಇಳಿಯುತ್ತದೆ. ತಂದೆಯ ಸಾವಿಗೆ ತಾನೇ ಸಹಿ ಹಾಕಿದೆನೆಂಬ ಕೊರಗು ಮಗನಿಗೆ ಜೀವಮಾನವಿಡೀ ಉಳಿಯುವುದು ತಪ್ಪುತ್ತದೆ.

ಅರುಣಾ ಶಾನಭಾಗ ಅವರಿಗೆ ಆ ಅವಕಾಶ ಸಿಗಲಿಲ್ಲ. ಅವರ ಕಾಲದಲ್ಲಿ ಅಂಥ ಕಾನೂನೂ ಇರಲಿಲ್ಲ. ಒಬ್ಬ ದುಷ್ಟನ ಕೈಯಲ್ಲಿ ಮಾತು ಕಳೆದುಕೊಂಡ ಅವರ ಪರವಾಗಿ ಪತ್ರಕರ್ತೆ ಮಾತಾಡಿದರು, ದಾದಿಯರು ಮಾತಾಡಿದರು, ವಕೀಲರು, ವೈದ್ಯರು, ನ್ಯಾಯಮೂರ್ತಿಗಳು ಮಾತಾಡಿದರು. ಅವರೊಬ್ಬರ ಮಾತು ಮಾತ್ರ ಕೊನೆತನಕ ಕೇಳಿಬರಲಿಲ್ಲ. ಇಂದು ಯಾರೇ ಆಗಲಿ, ತನ್ನ ಮಾತನ್ನು ತಾನೇ ಬರೆದು ಮನೆಯ ಕಪಾಟಿನಲ್ಲಿ ಪಾಸ್‌ಬುಕ್ಕಿನ ಜೊತೆ ಇಡಬಹುದು. ಆ ಹಾಳೆಯ ಹಿಂದೆ ಹಳದೀಪುರದ ಮಗಳೊಬ್ಬಳ 41 ವರ್ಷಗಳ ಮೌನವಿದೆ.